ಮಾಬೂಬಿ ಚಾಚಿಯ ಮಾಲ್ಟು

ಸಿಂಧನೂರಿನ ಬಸ್‌ಸ್ಟ್ಯಾಂಡ್ ಎದುರು ಬೆಳಗಾದರೆ ಮಾಲ್ಟಿನ ಗಾಡಿ ನಿಲ್ಲುತ್ತದೆ. ಮೊನ್ನೆ ಮಸ್ಕಿ ಬಸ್ಸಿಗೆ ಕಾಯುತ್ತ ನಾನೂ ಒಂದು ಗ್ಲಾಸು ಹಿಡಿದೆ. ನಾವು ಕಾಲುವೆ ಸೀಮೆಯವರು, ಮೂರು ಹೊತ್ತೂ ಅನ್ನ ಉಂಡು ಬೆಳೆದವರು. ಅಂಬಲಿ ಅಂದರೆ ಮೂಗು ಮುರಿಯುತ್ತಿದ್ದ ನನ್ನಂಥವರು ಸಕ್ಕರೆ ಕಾಯಿಲೆ ಬಂದ ಮೇಲೆ ದುಡ್ಡು ಕೊಟ್ಟು ಮಾಲ್ಟು ಕುಡಿಯುತ್ತೇವೆ. ನಗಬೇಡಿ, ನಿಮ್ಮ ಸರದಿಯೂ ಬರುತ್ತದೆ. ಆದರೆ ಹುರಿದ ಕಾಳಿನ ವಾಸನೆ ಮೂಗಿಗೆ ಬಡಿದದ್ದೇ ಗ್ಲಾಸನ್ನು ಹಾಗೇ ಗಾಡಿಯ ಮೇಲೆ ಇಟ್ಟುಬಿಟ್ಟೆ.

ನಾವು ಮಸ್ಕಿಯಲ್ಲಿದ್ದಾಗ ಬಾಜೂ ಮನೆಯ ಮಾಬೂಬಿ ಚಾಚಿ ಓಣಿಯ ಕೂಸುಗಳಿಗೆಲ್ಲ ಮಾಲ್ಟು ಮಾಡಿಕೊಡುತ್ತಿದ್ದಳು. ಜೋಳ ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಒಡೆದ ಮೇಲೆ ಒಣಗಿಸಿ, ಆ ಮೊಳಕೆ ತಿಕ್ಕಿ ತೆಗೆದು, ಹುರಿದು ಬೀಸಿ, ಹಳೆಯ ಸೀರೆಯಲ್ಲಿ ಸೋಸುವಳು. ನನ್ನ ಮಗಳು ಬೆಳೆದದ್ದೇ ಅದರಲ್ಲಿ.

ಚಾಚಿಯ ಮಗಳು ರೇಷ್ಮಾ ಚೊಚ್ಚಲ ಗಂಡುಕೂಸಿನೊಂದಿಗೆ ತವರಿಗೆ ಬಂದಿದ್ದ ವರ್ಷ ಅಂಗಡಿಯ ಜೋಳ ಹಳೆಯದು, ಏನು ಮಾಡಿದರೂ ಮೊಳೆಯಲಿಲ್ಲ. ಮನೆಯಲ್ಲಿ ಬಿತ್ತಿ ಉಳಿದ ಬೀಜವಿತ್ತು, ಹುಳ ಹತ್ತದಂತೆ ಔಷಧಿ ಬಳಿದ ಗುಲಾಬಿ ಬಣ್ಣದ್ದು. ಚಾಚಿ ಅದನ್ನು ನೀರು ತಿಳಿಯಾಗುವವರೆಗೂ ತೊಳೆದಳು. ಬಣ್ಣ ಹೋಯಿತು, ವಿಷವೂ ಹೋಯಿತು ಅಂದುಕೊಂಡಳು. ಇದೆಲ್ಲ ನಮಗೆ ತಿಳಿದದ್ದು ಆಮೇಲೆ. ಅವತ್ತು ಮೊಳಕೆಯ ಗಂಟು ಬಿಚ್ಚಿ ಹಿಗ್ಗಿನಿಂದ ತೋರಿಸಿದ್ದಳು.

“ನೋಡವ್ವಾ, ಒಂದ್ ಕಾಳೂ ಹುಸಿ ಹೋಗಿಲ್ಲ. ನನ್ನ ಮೊಮ್ಮಗನ ನಸೀಬು!”

ಆ ಮಾಲ್ಟು ಕುಡಿದ ಕೂಸು ವಾಂತಿ ಮಾಡತೊಡಗಿತು. ಲಿಂಗಸುಗೂರಿನ ಆಸ್ಪತ್ರೆ ಮುಟ್ಟುವ ಮೊದಲೇ, ದಾರಿಯಲ್ಲಿ, ಚಾಚಿಯ ತೊಡೆಯ ಮೇಲೆ ಹೋಗಿಬಿಟ್ಟಿತು. ಯಾರೂ ಆಕೆಗೆ ಒಂದು ಮಾತು ಅನ್ನಲಿಲ್ಲ. ಆದರೆ ಓಣಿಯ ಯಾವ ತಾಯಿಯೂ ಮತ್ತೆ ಆಕೆಯ ಬಾಗಿಲಿಗೆ ಡಬ್ಬಿ ಹಿಡಿದು ಹೋಗಲಿಲ್ಲ. ಆಕೆಯೂ ಬೀಸುವುದನ್ನೇ ಬಿಟ್ಟಳು.

ನಾನು ಮೊನ್ನೆ ಹೊರಟದ್ದು ರೇಷ್ಮಾಳ ಎರಡನೇ ಕೂಸನ್ನು ನೋಡಲು. ಚಾಚಿಯ ಮನೆಗೆ ಹೋದಾಗ ಒಲೆಯ ಮೇಲೆ ಮಾಲ್ಟು ಕುದಿಯುತ್ತಿತ್ತು. ರೇಷ್ಮಾ ತಾನೇ ಹಟ ಹಿಡಿದು ಮಾಡಿಸಿದ್ದಳಂತೆ. ಚಾಚಿ ಅದನ್ನು ಆರಿಸಿ, ಗ್ಲಾಸಿಗೆ ಬಗ್ಗಿಸಿ, ತಾನೇ ಪೂರ್ತಿ ಕುಡಿದಳು. ಆಮೇಲೆ ಪಾತ್ರೆ ಮುಚ್ಚಿ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂತಳು.

“ಅಮ್ಮೀ, ಕೂಸು ಅಳಾಕತ್ತೈತಿ, ಕೊಡು,” ಎಂದಳು ರೇಷ್ಮಾ.

“ಈಗ ಹಾಲು ಕುಡಿಸು. ಇದು ಸಂಜಿಮಟ ಇರಲಿ. ಮೊದಲ ನನಗೇನಾಕ್ಕೈತಿ ನೋಡ್ತೀನಿ.”

ನನಗೆ ತಡೆಯಲಾಗಲಿಲ್ಲ. “ನನಗೂ ಒಂದ್ ಗ್ಲಾಸ್ ಹಾಕು ಚಾಚಿ,” ಅಂದೆ.

ಆಕೆ ಪಾತ್ರೆಯನ್ನು ತನ್ನ ಕಡೆ ಎಳೆದುಕೊಂಡಳು.