ಕಾವಲಿಯ ಮುಂದೆ ನಡೆದ ಕ್ಲಾಸು

ಹೊಟ್ಟೆಕಿಚ್ಚು ಸಣ್ಣವರ ಗುಣ ಎಂದು ಉಪದೇಶ ಮಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನನಗೆ ಐವತ್ತು ದಾಟಿದೆ, ತಲೆ ನರೆತಿದೆ, ಗೋರೆಗಾಂವ್‌ನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ರೊಬಾಟಿಕ್ಸ್‌ನ ಮೊದಲ ಪಾಠಗಳನ್ನು ವರ್ಷಗಟ್ಟಲೆ ಹೇಳಿದವನು ನಾನು. ಆದರೂ ಹೋದ ವರ್ಷ ಒಬ್ಬ ಹುಡುಗಿಯ ಮೇಲೆ ಹುಟ್ಟಿದ ಹೊಟ್ಟೆಕಿಚ್ಚು ಇವತ್ತಿಗೂ ಆರಿಲ್ಲ.

ಹುಡುಗಿ ಎಂದರೆ ವಿದ್ಯಾರ್ಥಿನಿಯಲ್ಲ, ಹೊಸದಾಗಿ ಸೇರಿದ ಲೆಕ್ಚರರ್. ಕುರ್ಲಾದ ಚಾಳಿನಲ್ಲಿ ಬೆಳೆದವಳು. ತಂದೆತಾಯಿ ವಿಜಯಪುರದ ಕಡೆಯ ಮುಸ್ಲಿಮರು. ಮನೆಯಲ್ಲಿ ದಖನಿ ಉರ್ದು, ಬಾಯಲ್ಲಿ ಕನ್ನಡವೂ ಸಲೀಸು. ಬಂದ ದಿನವೇ ಸ್ಟಾಫ್ ರೂಮಿನಲ್ಲಿ, "ಸರ್, ನೀವೂ ಕನ್ನಡದವ್ರಂತಲ್ರೀ? ಭಾಳ ಚಲೋ ಆತು ನೋಡ್ರಿ" ಅಂದಳು. ನನಗೂ ಖುಷಿಯಾಯಿತು, ಯಾಕೆ ಸುಳ್ಳು ಹೇಳಲಿ. ಆದರೆ ಆ ಖುಷಿ ಹೆಚ್ಚು ದಿನ ಬಾಳಲಿಲ್ಲ. ನಮ್ಮ ಕೋರ್ಸಿಗೆ ಎರಡು ವಿಭಾಗ, ಒಂದು ನನ್ನದು, ಒಂದು ಅವಳದು. ನನ್ನ ವಿದ್ಯಾರ್ಥಿಗಳು ಹಾಜರಿ ಹೇಳಿ, ನಾನು ಬೋರ್ಡಿನ ಕಡೆ ತಿರುಗಿದ್ದೇ ತಡ, ಹಿಂದಿನ ಬಾಗಿಲಿನಿಂದ ಜಾರಿ ಅವಳ ಕ್ಲಾಸಿಗೆ ಹೋಗಿ ಕೂರತೊಡಗಿದರು. ಕಾರಿಡಾರಿನಲ್ಲಿ ಹೋಗುವಾಗ ಅಲ್ಲಿಂದ ನಗು ಕೇಳಿಸುತ್ತಿತ್ತು. ರೊಬಾಟಿಕ್ಸ್‌ನಲ್ಲಿ ನಗುವಂಥದ್ದು ಏನಿದೆ? ಇಷ್ಟು ವರ್ಷದಲ್ಲಿ ನನಗಂತೂ ಏನೂ ಸಿಕ್ಕಿಲ್ಲ.

ಅಷ್ಟರಲ್ಲಿ ನಮ್ಮ ಡಿಪಾರ್ಟ್‌ಮೆಂಟಿನ ಮುಖ್ಯಸ್ಥರು ಹೊಸ ಸುದ್ದಿ ತಂದರು. ಮುಂದಿನ ವರ್ಷದಿಂದ ಎರಡೂ ವಿಭಾಗ ಒಂದಾಗುತ್ತವೆ, ಪಾಠಕ್ಕೆ ಒಬ್ಬರೇ. ಇಬ್ಬರ ಕ್ಲಾಸಿನಲ್ಲೂ ಒಮ್ಮೆ ಕೂತು ನೋಡಿ ಅವರು ತೀರ್ಮಾನಿಸುತ್ತಾರೆ. ಈ ಕೋರ್ಸನ್ನು ಶುರುಮಾಡಿದ್ದೇ ನಾನು. ಲ್ಯಾಬಿನಲ್ಲಿ ಒಂದು ಸ್ಕ್ರೂ ಕೂಡ ಇಲ್ಲದ ಕಾಲದಲ್ಲಿ ಹಳೇ ಪ್ರಿಂಟರುಗಳ ಮೋಟರ್ ಬಿಚ್ಚಿ ರೊಬಾಟಿನ ತೋಳು ಕಟ್ಟಿದವನು ನಾನು. ಬೇರೆ ಯಾವ ಪಾಠ ಹೋದರೂ ಹೋಗಲಿ, ಇದು ಹೋದರೆ ನನ್ನದು ಅಂತ ಹೇಳಿಕೊಳ್ಳುವುದಕ್ಕೆ ಅಲ್ಲಿ ಏನೂ ಉಳಿಯುತ್ತಿರಲಿಲ್ಲ.

ಇಬ್ಬರಿಗೂ ಬಂದ ವಿಷಯ ಒಂದೇ: ತೋಳಿನ ಕೀಲುಗಳು. ರೊಬಾಟಿನ ಒಂದೊಂದು ಕೀಲಿಗೆ ಒಂದೊಂದು ಮೋಟರ್ ಬೇಕು. ಯಾವ ಕೀಲು ಎಷ್ಟು ತಿರುಗಿದರೆ ಕೈ ಎಲ್ಲಿಗೆ ಮುಟ್ಟುತ್ತದೆ ಎಂಬ ಲೆಕ್ಕ. ನಾನು ಬೋರ್ಡು ತುಂಬ ಬರೆದೆ. ಒಂದು ಮೈನಸ್ ಚಿಹ್ನೆ ಕೂಡ ತಪ್ಪಲಿಲ್ಲ. ಮುಖ್ಯಸ್ಥರು ಎದ್ದು ಹೋಗುವಾಗ "ವೆರಿ ಥರೋ" ಅಂದರು. ಬಹಳ ಕೂಲಂಕಷ ಎಂಬ ಆ ಮಾತನ್ನು ಇಡೀ ಸಂಜೆ ಆ ಕಡೆ ಈ ಕಡೆ ತಿರುಗಿಸಿ ನೋಡಿದರೂ ಅದರಲ್ಲಿ ಹೊಗಳಿಕೆ ಸಿಗಲಿಲ್ಲ.

ಅವಳ ಸರದಿ ಬಂದಾಗ, "ಇವತ್ತ ಕ್ಲಾಸ್ ಹೊರಗ ಐತ್ರೀ, ನೀವೂ ಬರ್ರಿ ಸರ್" ಎಂದು ನನ್ನನ್ನೂ ಕರೆದಳು. ವಿಕ್ರೋಳಿಯ ಯಾವುದೋ ಫ್ಯಾಕ್ಟರಿಗೆ ಕರೆದುಕೊಂಡು ಹೋಗಿ ವೆಲ್ಡಿಂಗ್ ರೊಬಾಟ್ ತೋರಿಸುತ್ತಾಳೆ, ಬರೀ ಷೋಕಿ ಅಂದುಕೊಂಡು ಹೊರಟೆ. ಅವಳು ಬಸ್ಸನ್ನೂ ಹತ್ತಲಿಲ್ಲ, ರಿಕ್ಷಾವನ್ನೂ ಹಿಡಿಯಲಿಲ್ಲ. ವಿದ್ಯಾರ್ಥಿಗಳನ್ನೂ ಮುಖ್ಯಸ್ಥರನ್ನೂ ನಡೆಸಿಕೊಂಡು ಸ್ಟೇಷನ್ ಪಕ್ಕದ ಗಲ್ಲಿಗೆ ತಿರುಗಿ ಒಂದು ಉಡುಪಿ ಹೋಟೆಲಿಗೆ ನುಗ್ಗಿದಳು. ನನ್ನ ಕಾಲು ರಸ್ತೆಯಲ್ಲೇ ನಿಂತುಬಿಟ್ಟಿತು. ಅದು ನನ್ನ ಅಪ್ಪನ ಹೋಟೆಲು.

ಕಾಲೇಜಿನಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಹೇಳಲೇಬೇಕೆಂದು ಯಾವ ಕಾನೂನಿದೆ? ಅವಳಿಗೂ ಗೊತ್ತಿರಲಿಲ್ಲ; ಸಂಜೆ ಲೋಕಲ್ ರೈಲು ಹಿಡಿಯುವ ಮೊದಲು ಅಲ್ಲಿ ದೋಸೆ ತಿನ್ನುತ್ತಿದ್ದಳಂತೆ. ಊಟದ ಗಲಾಟೆ ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲಿನ ಹೊತ್ತು. ಎಂಬತ್ತು ದಾಟಿದ ಅಪ್ಪ ಗಲ್ಲಾದಲ್ಲಿ ತೂಕಡಿಸುತ್ತಿದ್ದರು. ನಾನು ಎತ್ತರದ ಹುಡುಗರ ಬೆನ್ನ ಹಿಂದೆ, ಬಾಗಿಲ ಹತ್ತಿರ ನಿಂತೆ.

"ಅಜ್ಜಾರ, ದ್ವಾಸಿ ಹಾಕೂದು ನಮ್ಮ ಹುಡುಗ್ರು ಸ್ವಲ್ಪ ನೋಡ್ಲಿ ಏನ್ರೀ?" ಎಂದು ಕೇಳಿದಳು.

"ಅದರಲ್ಲಿ ನೋಡ್ಲಿಕ್ಕೆ ಎಂತ ಉಂಟು?" ಅಂದರು ಅಪ್ಪ. ಆಮೇಲೆ ಏನನ್ನಿಸಿತೋ, "ಈಗಿನವರ ಕೈ ನೋಡಿ ಎಂತ ಕಲೀತೀರಿ? ನಿಲ್ಲಿ, ನಾನೇ ಹಾಕ್ತೇನೆ" ಎಂದು ಗಲ್ಲಾದಿಂದ ಇಳಿದರು. ಊರಿಂದ ಬಂದ ಹೊಸದರಲ್ಲಿ ಅವರು ಬೇರೆಯವರ ಹೋಟೆಲಿನಲ್ಲಿ ದೋಸೆ ಹಾಕುತ್ತಿದ್ದವರು. ಸ್ವಂತ ಹೋಟೆಲಾದ ಮೇಲೆ ಅವರು ಕಾವಲಿ ಮುಟ್ಟಿದ್ದನ್ನು ನಾನು ನೋಡಿರಲೇ ಇಲ್ಲ.

ಒಬ್ಬ ವಿದ್ಯಾರ್ಥಿನಿ ಪರ್ಸಿನಿಂದ ಹಣೆಗಿಡುವ ಟಿಕಲಿಯ ಚೀಟಿ ತೆಗೆದಳು. ಅಪ್ಪನ ಭುಜಕ್ಕೊಂದು, ಮೊಣಕೈಗೊಂದು, ಮಣಿಕಟ್ಟಿಗೊಂದು ಕೆಂಪು ಟಿಕಲಿ ಅಂಟಿಸಿದರು. ಅಪ್ಪ ಮದುಮಗನ ಹಾಗೆ ನಗುತ್ತ ನಿಂತಿದ್ದರು. ಈ ಕೈಯ ಜಾಗದಲ್ಲಿ ರೊಬಾಟ್ ಇಟ್ಟರೆ ಹಿಟ್ಟು ಹರಡಲು ಎಷ್ಟು ಮೋಟರ್ ಬೇಕು ಎಂದು ಅವಳು ಹಿಂದಿಯಲ್ಲಿ ಕೇಳಿದಳು. ಎಲ್ಲರೂ ಮಣಿಕಟ್ಟಿಗೆ ಬೇಕೇ ಬೇಕು ಅಂದರು. ಅಪ್ಪ ಹಿಟ್ಟು ಸುರಿದು ನಡುವಿನಿಂದ ಸುತ್ತುತ್ತ ಬಂದರು. ಮೊಬೈಲಿನಲ್ಲಿ ತೆಗೆದದ್ದನ್ನು ನಿಧಾನ ಮಾಡಿ ನೋಡಿದರೆ ಮಣಿಕಟ್ಟು ಮಡಚಲೇ ಇಲ್ಲ. ಭುಜ ಮತ್ತು ಮೊಣಕೈ ಎರಡೇ ಆ ಸುತ್ತನ್ನೆಲ್ಲ ಹಾಕುತ್ತಿದ್ದವು. ಎರಡೇ ಮೋಟರ್ ಸಾಕು ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ನಾನು ಬೋರ್ಡು ತುಂಬ ಬರೆದದ್ದು ಆ ಎರಡು ಕೀಲಿನ ಲೆಕ್ಕವನ್ನೇ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನನ್ನ ಹಿತ್ತಲಿಗೆ ಬಂದು ಇವಳು ಗಿಡವನ್ನೇ ಕಿತ್ತುಕೊಂಡು ಹೋಗುತ್ತಿದ್ದಳು.

ಅಷ್ಟಕ್ಕೇ ಮುಗಿದಿದ್ದರೆ ಸಹಿಸುತ್ತಿದ್ದೆನೇನೋ. "ಬಾ ಅಮ್ಮ, ನೀನೂ ಒಂದು ಹಾಕು" ಎಂದು ಅಪ್ಪ ಅವಳ ಕೈಗೆ ಸೌಟು ಕೊಟ್ಟು, ಮೇಲಿಂದ ಕೈಹಿಡಿದು ತಿರುಗಿಸಿದರು. ಅವಳದು ಅಂಕುಡೊಂಕಾಯಿತು. "ಅಡ್ಡಿ ಇಲ್ಲ, ಕೈ ಒಳ್ಳೇದುಂಟು" ಅಂದರು. ನನ್ನನ್ನು ಅವರು ಒಂದು ದಿನವೂ ಅಡುಗೆಮನೆಯ ಹೊಸ್ತಿಲು ದಾಟಲು ಬಿಟ್ಟವರಲ್ಲ. ಹೋಟೆಲಿನವರ ಮನೆಗಳಲ್ಲಿ ಅದೇ ಪದ್ಧತಿ, ಓದುವ ಮಗ ಸೌಟು ಮುಟ್ಟಬಾರದು, ಮುಟ್ಟಿದರೆ ಓದು ಕೆಟ್ಟಿತು. ಹಾಗಾಗಿ ಆ ಕೈ ನನ್ನ ಕೈಹಿಡಿದು ಏನನ್ನೂ ಕಲಿಸಿದ್ದಿಲ್ಲ. ಐವತ್ತು ದಾಟಿದ ಗಂಡಸು ನಾನು, ಅಲ್ಲಿ ನಿಂತು ಅವಳ ಮಣಿಕಟ್ಟಿನ ಮೇಲೆ ಅಸೂಯೆಪಟ್ಟೆ.

ಆಗಲೇ ಅಪ್ಪನಿಗೆ ನಾನು ಕಂಡದ್ದು. "ಓ, ನೀನೂ ಬಂದ್ಯಾ?" ಅಂದರು. ಮುಖ್ಯಸ್ಥರ ಕಡೆ ತಿರುಗಿ ತಮ್ಮ ಹರಕು ಹಿಂದಿಯಲ್ಲಿ, ಇವನು ನನ್ನ ಮಗ, ನಿಮ್ಮ ಕಾಲೇಜಿನಲ್ಲೇ ಕಂಪ್ಯೂಟರೋ ಏನೋ ಕಲಿಸುತ್ತಾನೆ, ಇವನನ್ನೂ ಈ ಹುಡುಗಿಯ ಕ್ಲಾಸಿನಲ್ಲಿ ಕೂರಿಸಿ ಎಂದರು. ಹುಡುಗರು ನಕ್ಕರು. ಅವಳು ಮಾತ್ರ ನಗಲಿಲ್ಲ. ನನ್ನ ಹತ್ತಿರ ಬಂದು, "ಸರ್, ನಿಮ್ಮ ಹೋಟೆಲ್ ಅಂತ ಖರೇನ ಗೊತ್ತಿರ್ಲಿಲ್ರೀ" ಅಂದಳು. ಅವಳು ಒಳ್ಳೆಯವಳೂ ಆಗಿದ್ದದ್ದಕ್ಕೆ ನನಗೆ ಇನ್ನಷ್ಟು ಉರಿಯಿತು.

ಕೋರ್ಸು ಅವಳಿಗೇ ಹೋಯಿತು. ಮುಖ್ಯಸ್ಥರು ನನ್ನನ್ನು ಕರೆದು ಸಮಾಧಾನ ಹೇಳುತ್ತ, ನಿಮ್ಮ ತಂದೆಯವರು ಬಹಳ ದೊಡ್ಡ ಮನುಷ್ಯ ಅಂದರು.

ಆ ಭಾನುವಾರ ಮಧ್ಯಾಹ್ನ ಹೋಟೆಲಿಗೆ ಹೋದೆ. ಕಾವಲಿ ಬಿಸಿಯಾಗಿತ್ತು, ಗಿರಾಕಿಗಳು ಇರಲಿಲ್ಲ.

"ಅಪ್ಪ, ನನಗೂ ಒಂದು ಸಲ ದೋಸೆ ಹಾಕ್ಲಿಕ್ಕೆ ತೋರಿಸಿ."

ಅಪ್ಪ ಕನ್ನಡಕದ ಮೇಲಿಂದ ನೋಡಿದರು. "ನಿನಗೆ ಎಂತಕ್ಕೆ ಅದು? ಆ ಪಾಠ ಮಾಡುವವಳು ಅವಳಲ್ವಾ?"

"ಇಷ್ಟು ವರ್ಷ ಆ ಪಾಠ ಮಾಡಿದ್ದು ನಾನು."

"ಹೌದಾ?" ಅಂದರು. ಅವರು ಗಲ್ಲಾದಿಂದ ಇಳಿಯುತ್ತಾರೆಂದು ನಾನು ಅಂಗಿಯ ತೋಳು ಮಡಚಿಕೊಂಡು ಕಾದೆ.

"ಬುಧವಾರ ಬರ್ತೇನೆ ಅಂದಿದ್ದಾಳೆ ಅವಳು. ನೀನೂ ಆಗ ಬಾ," ಅಂದರು ಅಪ್ಪ. "ಅವಳಿಗೆ ಹೇಳಿಕೊಡುವಾಗ ನೀನೂ ಪಕ್ಕದಲ್ಲಿ ನಿಂತು ನೋಡ್ಕೊ."