ಹಿಂದಕ್ಕೆ ಜಗ್ಗುವ ಕುದುರೆ, ಗಂಟು ಹಾಕದ ಭರಮಮ್ಮ

ಬೆಳಗಿನ ಐದೂವರೆ. ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ರಸ್ತೆ ಪಕ್ಕದ ಕುರಿಹಟ್ಟಿಯಲ್ಲಿ ಭರಮಮ್ಮ ಬೇವಿನ ಮರಕ್ಕೆ ಹಗ್ಗ ಸುತ್ತುತ್ತಿದ್ದಾರೆ. ಹಗ್ಗದ ಒಂದು ತುದಿ ಕಂದು ಬಣ್ಣದ ಹೆಣ್ಣು ಕುದುರೆಯ ಮುಖಪಟ್ಟಿಗೆ, ಇನ್ನೊಂದು ಅವರ ಕೈಯಲ್ಲಿ. ಮರಕ್ಕೆ ಗಂಟು ಹಾಕಿಲ್ಲ. ಕುದುರೆ ಕಣ್ಣು ಬಿಟ್ಟು, ಹಿಂಗಾಲ ಮೇಲೆ ಕೂತಂತಾಗಿ ಮೈಭಾರವೆಲ್ಲ ಹಾಕಿ ಹಿಂದಕ್ಕೆ ಜಗ್ಗುತ್ತದೆ. ಹಗ್ಗ ಮರದ ಸುತ್ತ ಜಾರುತ್ತದೆ. ನಾಲ್ಕು ಹೆಜ್ಜೆ ಹಿಂದೆ ಹೋದ ಕುದುರೆ ಗುದ್ದಾಡಲು ಏನೂ ಸಿಗದೆ ನಿಲ್ಲುತ್ತದೆ. ಭರಮಮ್ಮ ಏನೂ ಆಗದವರಂತೆ ಹಗ್ಗವನ್ನು ಮತ್ತೆ ಎಳೆದುಕೊಳ್ಳುತ್ತಾರೆ. ಸೂರ್ಯ ಹುಟ್ಟುವ ಮೊದಲೇ ಇದು ಹದಿನೇಳನೆಯ ಸಲ.

"ಗಟ್ಟಿ ಕಟ್ಟಿದಷ್ಟೂ ಹೆದರ್ತೈತ್ರಿ. ತಲಿ ಸಿಕ್ಕಾಕ್ಕಂತು, ಇನ್ನ ಸತ್ತೆ ಅಂತ ತಿಳಕಂತೈತಿ. ಸಿಕ್ಕಿಲ್ಲವ್ವ ಅಂತ ಬಾಯಾಗ ಹೇಳಿದ್ರ ಕೇಳ್ತೈತೇನು? ಹಗ್ಗದಾಗ ಹೇಳಬೇಕು."

ಕುದುರೆ ಪಳಗಿಸುವವರೆಂದರೆ ಹುರಿಮೀಸೆ, ಪೇಟ, ಬಾರುಕೋಲು ಎಂದುಕೊಂಡು ಹೋಗಿದ್ದ ನನಗೆ ಸಿಕ್ಕಿದ್ದು ಸೆರಗು ಬಿಗಿದು ನಿಂತ ಐವತ್ತೆಂಟರ ಈ ಹೆಂಗಸು. ಕಾರ್ತಿಕ ಕಳೆದ ಮೇಲೆ ಈ ಕಡೆಯ ಕುರಿಗಾರರು ಹಿಂಡು ಹೊಡೆದುಕೊಂಡು ಹಂಪಸಾಗರದ ಹೊಳೆ ಸೀಮೆಗೆ ಹೊರಡುತ್ತಾರೆ. ಈ 2001ರಲ್ಲೂ ಅವರಿಗೆ ಲಾರಿ ಎಂದರೆ ಕುದುರೆಯೇ. ಪಾತ್ರೆ, ಕಂಬಳಿ, ನಡೆಯಲಾರದ ಎಳೆಮರಿಗಳು ಎಲ್ಲವೂ ಅದರ ಬೆನ್ನ ಮೇಲೆ.

ಈ ಕುದುರೆ ತೆಲಿಗಿಯ ಕುರಿಗಾರ ಕಾಂತೇಶನದು. ಹೋದ ವರ್ಷ ಹೇರು ಹೊತ್ತೇ ಹಗ್ಗ ಹರಿದುಕೊಂಡು ಓಡಿತ್ತು. ಬೆನ್ನ ಮೇಲಿನ ಬಲೆಚೀಲದಲ್ಲಿದ್ದ ಎರಡು ಕುರಿಮರಿ ಸತ್ತವು. ಕಾಂತೇಶ ಮುಚ್ಚುಮರೆಯಿಲ್ಲದೆ ಹೇಳುತ್ತಾನೆ: "ಸೋಮವಾರ ಹಿಂಡು ಹೊರಡ್ತತಿ. ಅಷ್ಟ್ರಾಗೆ ನಿಂತ್ರೆ ಸರಿ, ಇಲ್ಲಾಂದ್ರೆ ಸಂತೆಗೆ ಹೊಡಿಯೋದೇ. ತಗಂಡೋರು ಏನು ಮಾಡ್ತಾರೆ ಅಂತ ನಾನು ಕೇಳಾಕೆ ಹೋಗಲ್ಲ." ಕೇಳಿದರೆ ಏನು ಉತ್ತರ ಬರುತ್ತದೆಂದು ಅವನಿಗೂ ಗೊತ್ತು, ಭರಮಮ್ಮನಿಗೂ ಗೊತ್ತು.

ತಪ್ಪು ಶುರುವಾಗುವುದು ಗೂಟದಲ್ಲಿ. ಕುರಿಗೆ ಹೊಡೆದ ಗೇಣುದ್ದದ ಗೂಟಕ್ಕೇ ಕುರಿಗಾರರು ಕುದುರೆಯನ್ನೂ ಬಿಗಿಯುತ್ತಾರೆ. ಬೆಚ್ಚಿ ತಲೆ ಎತ್ತಿದ ಕೂಡಲೇ ಹಗ್ಗ ನೆಲಕ್ಕೆ ಜಗ್ಗುತ್ತದೆ, ಕುದುರೆ ಇನ್ನಷ್ಟು ಬೆಚ್ಚುತ್ತದೆ. ಹೊಸದಾಗಿ ಮದುವೆಯಾಗಿ ಬಂದಾಗ ಭರಮಮ್ಮನೂ ಹೀಗೆಯೇ ಕಟ್ಟಿದ್ದರು, ಮೇಲಾಗಿ ಮಿಕ್ಕ ಹಗ್ಗವನ್ನು ಕೈಗೆ ಸುತ್ತಿಕೊಂಡಿದ್ದರು. ಕುದುರೆ ಜಗ್ಗಿತು, ಗೂಟ ಕಿತ್ತಿತು, ಎಡಗೈಯ ಎರಡು ಬೆರಳು ಹೋದವು. ಗಂಡ ದೊಡ್ಡಬೀರಪ್ಪ, ಮೈದುನರು ಸೇರಿ ಆ ಕುದುರೆಯನ್ನು ಕಟ್ಟಿಹಾಕಿ ಹೊಡೆದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

"ಗೂಟ ಹೊಡದಾಕಿ ನಾನು, ಹಗ್ಗ ಸುತ್ತಿಗಂಡಾಕಿ ನಾನು. ಏಟು ತಿಂದಿದ್ದು ಅದು. ಬ್ಯಾಡ್ರೋ ಅನ್ನಾಕ ನನಗ ಬಾಯಿ ಬರಲಿಲ್ಲ ನೋಡ್ರಿ."

ದಿನಕ್ಕೆ ಅರವತ್ತು ಸಲ ಹಗ್ಗ, ಒಂದು ಕುದುರೆಗೆ ಹನ್ನೆರಡು ದಿನ, ಹಂಗಾಮಿಗೆ ಎಂಟೊಂಬತ್ತು ಕುದುರೆ. ಇಪ್ಪತ್ತೆರಡು ವರ್ಷದಿಂದ ಇದೇ ಲೆಕ್ಕ. ಕೂಲಿ ಎಂದರೆ ಜೋಳವೋ ಕಂಬಳಿಯೋ, ಕೊಟ್ಟವರ ಮರ್ಜಿ. ಬಲಭುಜ ಈಗ ಮೇಲೇಳುವುದಿಲ್ಲ. ತಲೆ ಬಾಚಲು ಪಕ್ಕದ ಮನೆಯ ಶಿವಲೀಲಾ ಬರಬೇಕು. "ಸಾಕಾಗೈತ್ರಿ. ರಾತ್ರಿ ಮಕ್ಕಂಡ್ರೂ ಹಗ್ಗ ಜಗ್ಗಿದಂಗ ಆಗ್ತೈತಿ" ಎನ್ನುತ್ತಾರೆ. ಸುಸ್ತನ್ನು ಮುಚ್ಚಿಡುವ ಜಂಬ ಅವರಲ್ಲಿಲ್ಲ.

ಭಾನುವಾರ ಬೆಳಿಗ್ಗೆ ಪರೀಕ್ಷೆ. ಭರಮಮ್ಮ ಹಳೆಯ ಸೈಕಲ್ ಟ್ಯೂಬನ್ನು ಕುದುರೆಯ ಬೆನ್ನಿಗಿಂತ ಎತ್ತರದಲ್ಲಿ ಮರಕ್ಕೆ ಬಿಗಿದು, ಟ್ಯೂಬಿಗೆ ಹಗ್ಗ ಕಟ್ಟುತ್ತಾರೆ, ಎಳೆದರೆ ಬಿಚ್ಚುವ ಜಾರುಗಂಟು. ಬೆನ್ನ ಮೇಲೆ ಹೇರು, ಬಲೆಚೀಲದಲ್ಲಿ ಎರಡು ಮರಿ. "ಅದರ ಮುಂದ ಕಂಬಳಿ ಜಾಡಿಸೋ" ಎಂದು ಕಾಂತೇಶನಿಗೆ ಹೇಳುತ್ತಾರೆ.

ಅವನು ಜಾಡಿಸುತ್ತಾನೆ. ಕುದುರೆ ಹಿಂದಕ್ಕೆ ಜಗ್ಗುತ್ತದೆ. ಟ್ಯೂಬು ಹಿಗ್ಗುತ್ತದೆ, ಮರಿಗಳು ಅರಚುತ್ತವೆ. ಭರಮಮ್ಮನ ಕೈ ಜಾರುಗಂಟಿನ ತುದಿಯಲ್ಲಿದೆ, ಆದರೆ ಎಳೆಯುವುದಿಲ್ಲ. ಆಮೇಲೆ ಕುದುರೆ ತಾನಾಗಿಯೇ ಒಂದು ಹೆಜ್ಜೆ ಮುಂದಿಡುತ್ತದೆ, ಇನ್ನೊಂದು ಇಡುತ್ತದೆ. ಹಗ್ಗ ಸಡಿಲಾಗುತ್ತದೆ. ಕಾಂತೇಶ ಇನ್ನೂ ಮೂರು ಸಲ ಜಾಡಿಸಿದರೂ ಅದು ಕಿವಿ ಆಡಿಸುತ್ತ ನಿಂತೇ ಇದೆ.

ಭರಮಮ್ಮ ಅಲ್ಲೇ ನೆಲಕ್ಕೆ ಕೂತುಬಿಡುತ್ತಾರೆ. ಮುಖದಲ್ಲಿ ಗೆಲುವಿಲ್ಲ, ದಣಿವಷ್ಟೇ ಇದೆ.

ಕಾಂತೇಶ ಹಗ್ಗ ಬಿಚ್ಚಿಕೊಳ್ಳುತ್ತ, "ಅಕ್ಕಾ, ಹೊಳೆ ಸೀಮೆಯಿಂದ ತಿರುಗಿ ಬರೋವಾಗ ಇದನ್ನ ನಿಂಗೆ ತೋರಿಸ್ಕಂಡು ಹೋಗ್ತೀನಿ" ಎನ್ನುತ್ತಾನೆ.

"ತರಬ್ಯಾಡೋ ತಮ್ಮಾ" ಎನ್ನುತ್ತಾರೆ ಭರಮಮ್ಮ, ಭುಜ ಒತ್ತಿಕೊಳ್ಳುತ್ತ. "ಕಲೀಲಾರದ ಕುದುರಿ ಅಷ್ಟ ಈ ಮರಕ್ಕ ತಿರುಗಿ ಬರ್ತಾವ. ಆರು ವರ್ಸ ಆತು, ಒಂದೂ ಬಂದಿಲ್ಲ."