ಬಾಣಂತಿ ಇದ್ದ ಮನೆ

ಮಸ್ಕಿಯ ನಮ್ಮ ಸ್ವಂತ ಮನೆಯನ್ನು ಬಾಡಿಗೆಗೆ ಕೊಟ್ಟದ್ದು ನನ್ನ ಗಂಡನಿಗೆ ಲಿಂಗಸುಗೂರಿನ ಕಚೇರಿಯಲ್ಲಿ ನೌಕರಿ ಸಿಕ್ಕಾಗ. ನಿಜಾಮನ ಆಳ್ವಿಕೆ ಹೋಗಿ ಆಗಿನ್ನೂ ಎರಡು ವರ್ಷ. ಹಿಡಿದವನು ಅರಿವೆ ವ್ಯಾಪಾರಿ. ಹಣೆ ತುಂಬ ವಿಭೂತಿ, ಬಾಯಿ ತುಂಬ ‘ಅಕ್ಕಾರ, ಅಕ್ಕಾರ’.

ಲಿಂಗಸುಗೂರಿನಲ್ಲಿ ನಮಗೆ ಸಿಕ್ಕಿದ್ದು ಗೋಡೆಯಲ್ಲಿ ನೀರೊಸರುವ ಒಂದೇ ಖೋಲಿ. ನನ್ನ ಮೊದಲ ಕೂಸು ಆ ಥಂಡಿಗೇ ಹೋಯಿತು. ಅಂದಿನಿಂದ ಮನೆ ಬಿಡಿ ಎಂದು ಕೇಳತೊಡಗಿದೆವು.

“ಮಗಳು ಹಡ್ಯಾಕ ಬಂದಾಳ್ರಿ, ದಿನ ತುಂಬ್ಯಾವ,” ಅನ್ನುತ್ತಿದ್ದ ಅವನು. ನಾಲ್ಕು ಹೆಣ್ಣುಮಕ್ಕಳು ಆ ಪುಣ್ಯಾತ್ಮನಿಗೆ! ಒಬ್ಬಳ ಕೂಸಿನ ತೊಟ್ಟಿಲು ಬಿಚ್ಚುವಷ್ಟರಲ್ಲಿ ಇನ್ನೊಬ್ಬ ಬಸುರಿಗೆ ಕುಬಸದ ಶಾಸ್ತ್ರ.

“ಬಾಣಂತಿ ಇದ್ದ ಮನಿ ಖಾಲಿ ಮಾಡ್ಸಿದ್ರ ನಮ್ಮ ಮನಿತನಕ್ಕ ಒಳ್ಳೇದಾಗತೈತೇನ?” ಅನ್ನುತ್ತಿದ್ದರು ನನ್ನ ಅತ್ತೆ. ಮೇಲಾಗಿ ಪ್ರತಿ ಬಾಣಂತಿಗೂ ಅಂಟಿನುಂಡಿ ಕಳಿಸುತ್ತಿದ್ದರು. ಕಟ್ಟುವವಳು ನಾನು. ಬೆಲ್ಲ ಕೈಗೆ ಅಂಟಿದಾಗೆಲ್ಲ ಅಸಹ್ಯವಾಗುತ್ತಿತ್ತು.

ಮತ್ತೆ ಬಸುರಾದೆ. ಎಂಟು ತುಂಬಿದ ಮೇಲೆ ಅತ್ತೆಯ ನೇಮವನ್ನೇ ಹಿಡಿದು, ಗಂಟುಮೂಟೆ ಕಟ್ಟಿ, ಮಸ್ಕಿಗೆ ಹೋಗಿ ನಮ್ಮ ಪಡಸಾಲೆಯಲ್ಲಿ ಕೂತುಬಿಟ್ಟೆ.

“ಇಲ್ಲೇ ಹಡೀತೀನಿ. ಬಾಣಂತಿನ್ನ ಹೊರಗ ಹಾಕಬಾರದಲ್ರಿ? ಈಗ ನೀವ ಜಾಗ ಹುಡಿಕ್ಕೊಳ್ರಿ,” ಅಂದೆ.

ವ್ಯಾಪಾರಿಯ ಹೆಂಡತಿ ಬಂದು ರಟ್ಟೆ ಹಿಡಿದು ಎಬ್ಬಿಸಿದಳು. “ಒಳಗ ಬಾ ನನ್ನವ್ವ. ನಾಲ್ಕು ಮಕ್ಕಳ ಜೋಡಿ ನೀ ಐದನೇದಾಕಿ.”

ಗಂಡುಕೂಸು ಹುಟ್ಟಿತು, ಬದುಕಿತು. ಅದರ ಋಣ ಇಲ್ಲವೆನ್ನಲಾರೆ. ಎಣ್ಣೆ ತಿಕ್ಕಿ, ನೀರು ಹಾಕಿ, ಹೊಗೆ ಹಿಡಿದು ನನ್ನನ್ನೂ ಕೂಸನ್ನೂ ಕಾದವಳು ಆ ಹೆಂಗಸೇ. ಹೆಸರಿಡುವ ದಿನ ಅತ್ತೆ ಬಂದರು. ಇನ್ನಾದರೂ ಮನೆಯ ಮಾತೆತ್ತುತ್ತಾರೆಂದು ಕಾದೆ. ಅವರು ನನ್ನನ್ನು ಹಿತ್ತಲಿಗೆ ಕರೆದು ಗದರಿದರು: “ಬಾಣಂತನ ಮಾಡಿದಾಕಿ ಹಡದವ್ವ ಇದ್ದಂಗ. ಹಡದವ್ವನ್ನ ಹೊರಗ ಹಾಕ್ತೀಯೇನ ಬೇ?”

ನನ್ನ ಗಂಡ ಕಚೇರಿ ಇದೆಯೆಂದು ಅಂದೇ ಲಿಂಗಸುಗೂರಿಗೆ ತಿರುಗಿ ಹೋದರು.

ಮೂರನೆಯ ತಿಂಗಳು ಬಂಡಿ ಬಂತು, ನನ್ನನ್ನು ಆ ಖೋಲಿಗೆ ಒಯ್ಯಲು. ವ್ಯಾಪಾರಿಯ ಹೆಂಡತಿ ನನ್ನ ಮನೆಯ ಹೊಸ್ತಿಲಲ್ಲೇ ನಿಂತು, ಮಗಳನ್ನು ಗಂಡನ ಮನೆಗೆ ಕಳಿಸುವಂತೆ ನನಗೆ ಉಡಿ ತುಂಬಿದಳು. ಕಣ್ಣಲ್ಲಿ ನೀರು ಬೇರೆ. ನಾನೂ ಬಗ್ಗಿ ಅವಳ ಕಾಲು ಮುಟ್ಟಿದೆ. ಥೂ, ನನ್ನ ಜನ್ಮಕ್ಕಿಷ್ಟು!